ಬಲ್ಖಿಯ ಗ್ರಂಥವೂ ‘ನಫ್ಸ್’ ಎಂಬ ಮಾತೂ

ಅರಬ್ಬೀ ಭಾಷೆಯ ಪ್ರಾಚೀನ ವೈದ್ಯಗ್ರಂಥಗಳಲ್ಲಿ ‘ಮಸಾಲಿಹ್ ಅಲ್-ಅಬ್ದಾನ್ ವಲ್-ಅನ್ಫುಸ್’ ಎಂಬುದೊಂದು. ದೇಹಗಳಿಗೂ ‘ನಫ್ಸ್’ಗಳಿಗೂ ಹಿತವಾದುದನ್ನು ತಿಳಿಸುವ ಗ್ರಂಥವೆಂದು ಆ ಹೆಸರಿನ ಅರ್ಥ. ‘ನಫ್ಸ್’ ಎಂಬ ಮಾತಿಗೆ ಕನ್ನಡದಲ್ಲಿ ಏನು ಹೇಳಬೇಕೆಂಬುದೇ ಮುಂದೆ ವಿಚಾರಕ್ಕೆ ಬರುವ ವಿಷಯವಾದುದರಿಂದ ಅದನ್ನು ಸದ್ಯಕ್ಕೆ ಹಾಗೆಯೇ ಇಟ್ಟುಕೊಳ್ಳುವುದು ಲೇಸು. ಗ್ರಂಥಕರ್ತ ಅಬೂ ಜೈದ್ ಅಲ್-ಬಲ್ಖಿ. ಕಾಲ ಸುಮಾರು ಕ್ರಿ. ಶ. ೮೫೦ರಿಂದ ೯೩೪ರವರೆಗೆ. ಇದರ ಕೈಬರಹದ ಪ್ರತಿ ಇಸ್ತಾಂಬುಲಿನ ಅಯಾಸೋಫಿಯಾ ಭಂಡಾರದಲ್ಲಿದ್ದು, ೧೯೮೪ರಲ್ಲಿ ಅದರ ಪಡಿಯಚ್ಚು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಹೊರಬಂದಿತು. ೨೦೧೩ರಲ್ಲಿ ಸುಡಾನ್ ದೇಶದ ಮನಶ್ಶಾಸ್ತ್ರಜ್ಞರಾದ ಮಲಿಕ್ ಬದ್ರಿಯವರು ಇದರ ಎರಡನೆಯ ಭಾಗವನ್ನು ಇಂಗ್ಲಿಷಿಗೆ ತಂದು, ಉದ್ದವಾದ ಪೀಠಿಕೆಯೊಂದನ್ನು ಜೋಡಿಸಿ ಪ್ರಕಟಿಸಿದರು. ಅಂದಿನಿಂದ ಈ ಗ್ರಂಥ ಪಂಡಿತರ ಕಪಾಟಿನಿಂದ ಇಳಿದು ಸಾಮಾನ್ಯ ವಾಚಕರ ಕೈಗೆ ಬಂದಿದೆ. ಮನಸ್ಸಿನ ಬೇನೆಯ ವಿಚಾರವಾಗಿ ಎಲ್ಲೆಡೆಯೂ ಮಾತು ನಡೆಯುತ್ತಿರುವ ಈ ಕಾಲದಲ್ಲಿ ಅದನ್ನು ಓದತಕ್ಕ ಬಗೆ ಯಾವುದು, ಓದಬಾರದ ಬಗೆ ಯಾವುದು ಎಂಬುದನ್ನು ನೋಡುವುದು ಉಚಿತವೇ ಸರಿ.

ಬಲ್ಖ್ ಎಂಬುದು ಸಂಸ್ಕೃತವನ್ನು ಓದಿದವರಿಗೆ ಹೊಸ ಊರಲ್ಲ. ಅದೇ ಬಾಹ್ಲೀಕ. ಅಮರಕೋಶದಲ್ಲಿ ಇಂಗಿಗೆ ಆ ಊರಿನ ಹೆಸರೇ ಇದೆ. ಅಡುಗೆಮನೆಯ ಡಬ್ಬಿಯಲ್ಲಿ ಬಾಹ್ಲೀಕ ದೇಶದ ನೆನಪು ಇಂದಿಗೂ ಉಳಿದಿದೆಯೆನ್ನಬಹುದು. ಚರಕಸಂಹಿತೆಯ ಋಷಿಸಭೆಗಳಲ್ಲಿ ಎದ್ದು ವಾದಿಸುವ ಕಾಂಕಾಯನನು ಬಾಹ್ಲೀಕ ದೇಶದ ವೈದ್ಯನೆಂದೇ ಪ್ರಸಿದ್ಧ. ಬಲ್ಖಿನಲ್ಲಿ ‘ನೌಬಹಾರ್’ ಎಂಬ ಬೌದ್ಧವಿಹಾರವಿತ್ತು. ಅದು ನವವಿಹಾರ ಶಬ್ದದ ತದ್ಭವ. ಆ ವಿಹಾರದ ಅಧಿಪತಿಗಳ ವಂಶದವರಾದ ಬರ್ಮಕರೇ ಮುಂದೆ ಬಾಗ್ದಾದಿನಲ್ಲಿ ಹಾರೂನ್ ಅಲ್-ರಶೀದನ ಮಂತ್ರಿಗಳಾಗಿ ಸಂಸ್ಕೃತದ ವೈದ್ಯಗ್ರಂಥಗಳನ್ನು ಅರಬ್ಬಿಗೆ ಮಾಡಿಸಿದವರು. ೮೫೦ರ ಹೊತ್ತಿಗೆ ಅಲಿ ಇಬ್ನ್ ರಬ್ಬನ್ ಅಲ್-ತಬರಿ ಬರೆದ ‘ಫಿರ್ದೌಸ್ ಅಲ್-ಹಿಕ್ಮಾ’ದಲ್ಲಿ ಭಾರತೀಯ ವೈದ್ಯವನ್ನು ಕುರಿತ ಭಾಗವೇ ಒಂದುಂಟು. ಹಾಗೆಂದು ಬಲ್ಖಿಯ ಮಾತೆಲ್ಲ ಚರಕನಿಂದ ಬಂದುದೆಂದು ಯಾರಾದರೂ ಹಿಗ್ಗಿದರೆ ಅದು ಹುರುಳಿಲ್ಲದ ಹಿಗ್ಗು. ಅವನ ವೈದ್ಯದ ತಳಹದಿ ಯವನರದು. ದೋಷಗಳು ಅಲ್ಲಿ ಮೂರಲ್ಲ, ನಾಲ್ಕು. ಎರಡು ಮನೆಗಳ ನಡುವೆ ಹಳೆಯ ಹೋಗುಬರವು ಇತ್ತೆಂಬಷ್ಟೇ ಇದರಿಂದ ಸಿದ್ಧವಾಗುತ್ತದೆ.

ಬಲ್ಖಿಯ ತಂದೆ ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯ. ಮಗನೂ ಮೊದಲು ಅದೇ ವೃತ್ತಿಯಲ್ಲಿದ್ದನೆಂದು ಹೇಳುತ್ತಾರೆ. ಬಾಗ್ದಾದಿಗೆ ಹೋಗಿ ದಾರ್ಶನಿಕ ಅಲ್-ಕಿಂದಿಯ ಶಿಷ್ಯನಾಗಿ, ಭೂವಿವರಣೆಯಲ್ಲಿಯೂ ಹೆಸರು ಪಡೆದು, ಕಡೆಗೆ ತನ್ನ ಊರಿಗೇ ಮರಳಿದ. ಅವನನ್ನು ಕುರಿತು ಹಳೆಯ ಭೂವರ್ಣನಕಾರನೊಬ್ಬ ಹೇಳುವ ಕಥೆ ಸ್ವಾರಸ್ಯವಾಗಿದೆ. ಅರಸನು ಬುಖಾರಾಕ್ಕೆ ಬರಹೇಳಿದಾಗ ಬಲ್ಖಿ ಹೊರಟು ಜೈಹೂನ್ ನದಿಯ ದಡವನ್ನು ಮುಟ್ಟಿದನಂತೆ. ಹೊಳೆಯ ಅಗಲವನ್ನೂ ಸೆಳವನ್ನೂ ಕಂಡವನು, ತನ್ನ ವಿವೇಕಕ್ಕಾಗಿ ಅರಸನು ತನ್ನನ್ನು ಕರೆಸಿದ್ದಾದರೆ ಈ ಹೊಳೆಯನ್ನು ದಾಟಬೇಡವೆಂಬುದೇ ಆ ವಿವೇಕದ ತೀರ್ಮಾನ ಎಂದು ಬರೆದು ಕಳುಹಿಸಿ ಹಿಂದಿರುಗಿದನಂತೆ. ಮಳೆಗಾಲದ ಭದ್ರೆಯನ್ನು ಕಳಸದಲ್ಲಿ ಕಂಡವರು ಇದನ್ನು ಹೇಡಿತನವೆನ್ನಲಾರರು. ಭಯವನ್ನು ಗೆಲ್ಲುವ ಉಪಾಯಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟವನು ತಕ್ಕ ಭಯಕ್ಕೂ ತಗದ ಭಯಕ್ಕೂ ಭೇದವನ್ನು ಬಲ್ಲವನಾಗಿದ್ದನೆಂಬುದು ಈ ಕಥೆಯಿಂದ ಹೊಳೆಯುತ್ತದೆ.

ಗ್ರಂಥದ ಎರಡನೆಯ ಭಾಗದಲ್ಲಿ ಎಂಟು ಅಧ್ಯಾಯಗಳಿವೆ. ಮೊದಲ ನಾಲ್ಕರಲ್ಲಿ ನಫ್ಸಿನ ಆರೋಗ್ಯವೆಂದರೇನು, ಅದನ್ನು ಕಾಯುವುದು ಹೇಗೆ, ಕೆಟ್ಟರೆ ಮರಳಿ ಪಡೆಯುವುದು ಹೇಗೆ ಎಂಬ ಸಾಮಾನ್ಯವಿಚಾರ. ಕೊನೆಯ ನಾಲ್ಕರಲ್ಲಿ ಕ್ರಮವಾಗಿ ಕೋಪ, ಭಯ, ದುಃಖ ಮತ್ತು ಬಿಡದೆ ಕಾಡುವ ಒಳಮಾತು. ಗ್ರಂಥಕರ್ತ ಹೊರಡುವುದು ಒಂದು ಆಕ್ಷೇಪದಿಂದ: ವೈದ್ಯರು ದೇಹದ ಬೇನೆಗಳನ್ನು ಮಾತ್ರ ಬರೆದಿಟ್ಟು ನಫ್ಸಿನ ಬೇನೆಯನ್ನು ಕೈಬಿಟ್ಟಿದ್ದಾರೆ, ಆದರೆ ದೊಡ್ಡ ಕಾಯಿಲೆಯೊಂದೂ ಇಲ್ಲದೆ ಬಾಳನ್ನು ಮುಗಿಸಿದವರಿದ್ದರೂ ಇರಬಹುದು, ಕೋಪ ದುಃಖ ಭಯಗಳ ಉಪದ್ರವಕ್ಕೆ ಸಿಕ್ಕದವನು ಒಬ್ಬನೂ ಇಲ್ಲ. ದೇಹ ನೊಂದರೆ ನಫ್ಸಿಗೆ ಯಾವುದರಲ್ಲಿಯೂ ರುಚಿಯಿಲ್ಲ. ನಫ್ಸು ನೊಂದರೆ ದೇಹಕ್ಕೆ ಉಂಡದ್ದು ಹತ್ತುವುದಿಲ್ಲ. ಆದಕಾರಣ ಎರಡನ್ನೂ ಒಂದೇ ಗ್ರಂಥದಲ್ಲಿ ಹೇಳತಕ್ಕದ್ದು ಎಂದು ಅವನ ಪ್ರತಿಜ್ಞೆ.

ಚಿಕಿತ್ಸೆಯನ್ನು ಹೇಳುವಲ್ಲಿ ಅವನ ಉಪಮೆ ಮನೆಮಂದಿಗೆ ಒಪ್ಪುವಂಥದು. ಇದ್ದಕ್ಕಿದ್ದಂತೆ ಬರುವ ಜ್ವರಕ್ಕೋ ಹೊಟ್ಟೆಶೂಲೆಗೋ ಜಾಣನಾದವನು ಮದ್ದನ್ನು ಮೊದಲೇ ತಂದು ಮನೆಯಲ್ಲಿಟ್ಟುಕೊಳ್ಳುತ್ತಾನಷ್ಟೆ. ಹಾಗೆಯೇ ಮನಸ್ಸು ತಿಳಿಯಾಗಿರುವ ದಿನಗಳಲ್ಲಿ ಒಳ್ಳೆಯ ವಿಚಾರಗಳನ್ನು ಕೂಡಿಟ್ಟುಕೊಂಡಿದ್ದು, ಕೋಪವೋ ಭಯವೋ ನುಗ್ಗಿದಾಗ ಅವನ್ನು ತೆಗೆದು ಬಳಸಬೇಕು. ಹೊರಗಿನಿಂದ ಬರುವ ಹಿತವಚನ ಒಂದು ಔಷಧ. ತನ್ನೊಳಗೇ ಸಿದ್ಧವಾಗಿರುವ ವಿಚಾರ ಇನ್ನೊಂದು.

ಇಡೀ ಗ್ರಂಥದಲ್ಲಿ ತಿರುಳಾದ ಮಾತು ಬರುವುದು ದುಃಖದ ಅಧ್ಯಾಯದಲ್ಲಿ. ದುಃಖ ಎರಡು ಬಗೆಯೆಂದು ಬಲ್ಖಿಯ ಮತ. ಪ್ರಿಯರು ಸತ್ತು, ಸ್ವತ್ತು ಹೋಗಿ, ಎಣಿಸಿದ್ದು ಕೈಗೂಡದೆ ಬರುವ ದುಃಖ ಒಂದು. ಅದರ ಕಾರಣ ದುಃಖಿಗೂ ನೋಡುವವರಿಗೂ ತಿಳಿದಿರುತ್ತದೆ. ಇನ್ನೊಂದಕ್ಕೆ ಕಾರಣವೇ ತಿಳಿಯದು. ಮನೆಯಲ್ಲಿ ಎಲ್ಲವೂ ನೆಟ್ಟಗಿರುತ್ತದೆ. ಆದರೂ ಹೃದಯದ ಮೇಲೆ ಭಾರವಾದ ಕವಿತವೊಂದು ಬಂದು ಕೂತು, ಬಹುಕಾಲ ಹೋಗದೆ, ಯಾವ ಸುಖವನ್ನೂ ಸವಿಯಗೊಡದು. ಈ ಎರಡನೆಯದರ ಮೂಲ ದೇಹದಲ್ಲಿ, ರಕ್ತದ ವಿಕಾರದಲ್ಲಿ ಎಂದು ಅವನು ಹೇಳುತ್ತಾನೆ; ಆದಕಾರಣ ಬುದ್ಧಿವಾದವೊಂದೇ ಇಲ್ಲಿ ಸಾಲದು, ದೇಹಕ್ಕೂ ಚಿಕಿತ್ಸೆಯಾಗಬೇಕು. ರಕ್ತವಿಕಾರವೆಂಬ ಕಾರಣವನ್ನು ಇಂದಿನ ವೈದ್ಯರು ಹಾಗೆಯೇ ಒಪ್ಪುವುದಿಲ್ಲ. ಆದರೆ ಭೇದವನ್ನು ಕಂಡ ಕಣ್ಣು ಸರಿಯಾದುದು. ಕಾರಣವಿಲ್ಲದ ದುಃಖವನ್ನು ಸೋಮಾರಿತನವೆಂದೂ ಪಾಪಶೇಷವೆಂದೂ ದೈವಭಕ್ತಿಯ ಕೊರತೆಯೆಂದೂ ಜರೆಯದೆ ಬೇನೆಯೆಂದು ಕರೆದದ್ದು ಆ ಕಾಲಕ್ಕೆ ದೊಡ್ಡ ಮಾತು. ಎಲ್ಲ ಕಾಲಕ್ಕೂ ದೊಡ್ಡ ಮಾತೇ.

ಒಳಮಾತಿನ ಅಧ್ಯಾಯವೂ ಗಮನಾರ್ಹವಾಗಿದೆ. ಆಗಬಾರದ್ದು ಆಗಿಯೇಬಿಡುತ್ತದೆಂದು ಮನಸ್ಸು ತನಗೆ ತಾನೇ ಪಿಸುಗುಟ್ಟುವ ಬೇನೆಗೆ ಅವನು ಸೂಚಿಸುವ ಮೊದಲ ಪಥ್ಯವೆಂದರೆ ಒಂಟಿಯಾಗಿರದಿರುವುದು. ಕೆಲಸವೂ ಕೂಟವೂ ಇದ್ದರೆ ಒಳಮಾತಿಗೆ ಎಡೆ ಕಡಿಮೆ. ಆಷಾಢ ಶ್ರಾವಣಗಳಲ್ಲಿ ವಾರಗಟ್ಟಲೆ ಸೂರ್ಯನನ್ನು ಕಾಣದ, ಒಂದು ಮನೆಯಿಂದ ಇನ್ನೊಂದು ಮನೆಗೆ ತೋಟ ಹಳ್ಳಗಳನ್ನು ದಾಟಿ ಹೋಗಬೇಕಾದ ಗೋಣಿಬೀಡು ಹೋಬಳಿಯಂಥ ಸೀಮೆಯಲ್ಲಿ, ಮಕ್ಕಳೆಲ್ಲ ಪಟ್ಟಣ ಸೇರಿದ ಮೇಲೆ ದೊಡ್ಡ ಮನೆಯಲ್ಲಿ ಉಳಿದ ಹಿರಿಯರಿಗೆ ಈ ಪಥ್ಯದ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟು ಗುಣವುಳ್ಳ ಗ್ರಂಥಕ್ಕೆ ಸಂಪಾದಕರಿಂದ ಆದ ಅಪಚಾರವೊಂದುಂಟು. ಬದ್ರಿಯವರು ತಮ್ಮ ಪುಸ್ತಕದ ಉಪಶೀರ್ಷಿಕೆಯಲ್ಲಿಯೇ ಇದನ್ನು ಒಂಬತ್ತನೆಯ ಶತಮಾನದ ‘ಕಾಗ್ನಿಟಿವ್ ಬಿಹೇವಿಯರ್ ಥೆರಪಿ’ ಎಂದು ಕರೆದಿದ್ದಾರೆ. ಆ ಚಿಕಿತ್ಸಾಕ್ರಮ ಅಮೆರಿಕದಲ್ಲಿ ಆಲ್ಬರ್ಟ್ ಎಲ್ಲಿಸ್, ಏರನ್ ಬೆಕ್ ಮೊದಲಾದವರಿಂದ ೧೯೫೦-೬೦ರ ದಶಕಗಳಲ್ಲಿ ರೂಪುಗೊಂಡುದು. ತಪ್ಪು ವಿಚಾರವನ್ನು ತಿದ್ದಿದರೆ ಭಾವ ತಿಳಿಯಾಗುವುದೆಂಬ ಒಂದು ಅಂಶದಲ್ಲಿ ಹೋಲಿಕೆಯಿರುವುದು ನಿಜ. ಆದರೆ ಬೆಕ್‌ನ ಕ್ರಮದಲ್ಲಿ ರೋಗಿಯೂ ವೈದ್ಯನೂ ವಾರವಾರ ಎದುರುಬದುರು ಕುಳಿತು, ರೋಗಿಯ ಸ್ವಂತ ವಿಚಾರಗಳನ್ನು ಬರೆದಿಟ್ಟು ಪರೀಕ್ಷಿಸಿ, ಗುಣವಾಯಿತೇ ಇಲ್ಲವೇ ಎಂದು ಅಳೆದು ನೋಡುತ್ತಾರೆ. ಹಲವರ ಮೇಲೆ ಪ್ರಯೋಗವಾಗಿ ಗೆದ್ದುದು ಮಾತ್ರ ನಿಲ್ಲುತ್ತದೆ. ಬಲ್ಖಿಯದು ತನ್ನನ್ನು ತಾನು ಆಳಿಕೊಳ್ಳಬಲ್ಲ ಓದುಗನಿಗೆ ಹೇಳಿದ ನೀತಿ. ಅದರ ಸೊಗಸೇ ಅದು. ಅದಕ್ಕೆ ಪರದೇಶದ ಅಂಗಿಯನ್ನು ತೊಡಿಸಿದರೆ ಅದರ ಮೈಕಟ್ಟು ಮರೆಯಾಗುತ್ತದೆ.

ಇದರಲ್ಲೊಂದು ವಿಪರ್ಯಾಸವೂ ಇದೆ. ೧೯೭೯ರಲ್ಲಿ ಇದೇ ಬದ್ರಿಯವರು ಇನ್ನೊಂದು ಗ್ರಂಥವನ್ನು ಬರೆದು, ಮುಸ್ಲಿಂ ಮನಶ್ಶಾಸ್ತ್ರಜ್ಞರು ಪಾಶ್ಚಾತ್ಯರನ್ನು ಕಣ್ಣುಮುಚ್ಚಿ ಅನುಸರಿಸಬಾರದೆಂದು ಬಲವಾಗಿ ಎಚ್ಚರಿಸಿದ್ದರು. ಅನುಸರಿಸಬಾರದವರ ಅಳತೆಗೋಲಿನಿಂದಲೇ ತಮ್ಮ ಪೂರ್ವಿಕನ ಎತ್ತರವನ್ನು ಅಳೆಯುವುದು ಆ ಎಚ್ಚರಿಕೆಗೆ ಒಪ್ಪುವುದಿಲ್ಲ. ಆದರೆ ಈ ದೋಷವನ್ನು ಸುಡಾನಿನವರ ತಲೆಗೆ ಕಟ್ಟಿ ಇಲ್ಲಿಯವರು ಸುಮ್ಮನಿರುವಂತಿಲ್ಲ. ವಿಮಾನವೂ ಶಸ್ತ್ರವೈದ್ಯವೂ ಅಣುವಿಜ್ಞಾನವೂ ಋಷಿಗಳಿಗೆ ತಿಳಿದೇ ಇದ್ದುವೆಂದು ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವವರು ಈ ನಾಡಿನಲ್ಲಿ ಕಡಿಮೆಯೇನಿಲ್ಲ. ಸುಶ್ರುತನ ಶಸ್ತ್ರವೈದ್ಯ ಗ್ರಂಥದಲ್ಲಿಯೇ ಇರುವಾಗ ಅದಕ್ಕೆ ವಿಮಾನದ ಜೊತೆ ಏಕೆ ಬೇಕು? ನಿಜವಾಗಿ ಇದ್ದುದರ ಬೆಲೆಯನ್ನು ಇಲ್ಲದುದರ ಬಡಾಯಿ ತಿನ್ನುತ್ತದೆ.

ಇನ್ನು ‘ನಫ್ಸ್’ ಎಂಬ ಮಾತು. ಇದನ್ನು ಕನ್ನಡದಲ್ಲಿ ‘ಆತ್ಮ’ ಎನ್ನುವುದು ರೂಢಿ. ಇಂಗ್ಲಿಷಿನ ‘ಸೋಲ್’ ಶಬ್ದದ ಹಾದಿಯಲ್ಲಿ ಬಂದವರೆಲ್ಲ ಅಲ್ಲಿಗೇ ಬಂದು ಮುಟ್ಟುತ್ತಾರೆ. ಈ ರೂಢಿ ಸರಿಯೇ ಎಂಬುದನ್ನು ಆ ದರ್ಶನದ ಪ್ರಧಾನಪುರುಷನಾದ ಇಬ್ನ್ ಸೀನಾನ (೯೮೦–೧೦೩೭) ಮಾತಿನಿಂದಲೇ ಪರೀಕ್ಷಿಸಬೇಕು. ಅರಿಸ್ಟಾಟಲನನ್ನು ಅನುಸರಿಸಿ ಅವನು ಗಿಡಮರಗಳಿಗೆ ಒಂದು ನಫ್ಸ್, ಪ್ರಾಣಿಗಳಿಗೆ ಒಂದು, ಮನುಷ್ಯನಿಗೆ ಒಂದು ಎಂದು ಮೂರು ಮೆಟ್ಟಿಲುಗಳನ್ನು ಹೇಳುತ್ತಾನೆ. ಉಣ್ಣುವುದು, ಬೆಳೆಯುವುದು, ಸಂತಾನ ಪಡೆಯುವುದು ಮೊದಲನೆಯದರ ಶಕ್ತಿಗಳು. ಚಲಿಸುವುದೂ ಅರಿಯುವುದೂ ಎರಡನೆಯದರದು. ವಿವೇಚನೆ ಮೂರನೆಯದರದು, ಅದು ದೇಹದೊಡನೆ ಅಳಿಯದು. ಪ್ರಾಣಿಯ ನಫ್ಸಿಗೆ ಹೊರಗಿನ ಐದು ಇಂದ್ರಿಯಗಳಂತೆ ಒಳಗೂ ಐದುಂಟು. ಅವುಗಳಿಗೆ ಮೆದುಳಿನ ಮುಂದಣ, ನಡುವಣ, ಹಿಂದಣ ಗುಹೆಗಳಲ್ಲಿ ನೆಲೆ. ಕಂಡ ಕೇಳಿದ ಸಂಗತಿಗಳನ್ನು ಒಂದುಗೂಡಿಸುವುದೊಂದು, ಆ ರೂಪಗಳನ್ನು ಹಿಡಿದಿಡುವ ‘ಖಯಾಲ್’ ಇನ್ನೊಂದು, ಕೂಡಿಸಿ ಬೇರ್ಪಡಿಸಿ ಇಲ್ಲದ್ದನ್ನು ಕಟ್ಟುವ ಕಲ್ಪನೆ ಮತ್ತೊಂದು, ತೋಳವನ್ನು ಕಂಡ ಕುರಿಗೆ ‘ಇದು ವೈರಿ’ ಎಂದು ಯಾರೂ ಕಲಿಸದೆ ಹೊಳೆಯುವ ‘ವಹಮ್’ ನಾಲ್ಕನೆಯದು, ಸ್ಮೃತಿ ಐದನೆಯದು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ದಾರ್ಶನಿಕರು ತೂಗಿ ತೂಗಿ ಬಳಸಿದ ಈ ಮಾತುಗಳಲ್ಲಿ ಕೆಲವು ಪಂಡಿತರ ನೆರವಿಲ್ಲದೆಯೇ ಕನ್ನಡಕ್ಕೆ ಬಂದು ಸೇರಿವೆ. ‘ಅವನಿಗೆ ಅದೇ ಖಯಾಲಿ’ ಎಂದು ಹಳ್ಳಿಯವರು ಆಡುವಾಗ, ಮನಸ್ಸು ಹಿಡಿದ ರೂಪವನ್ನು ಬಿಡದಿರುವ ಶಕ್ತಿಯನ್ನೇ ಹೆಸರಿಸುತ್ತಿದ್ದಾರೆ. ‘ಮಿಜಾಜು’ ಎಂಬುದು ಇಬ್ನ್ ಸೀನಾನ ವೈದ್ಯದ ಮೂಲಾಧಾರವಾದ ಶಬ್ದ. ಶೀತ, ಉಷ್ಣ, ಆರ್ದ್ರ, ಶುಷ್ಕ ಗುಣಗಳು ಒಬ್ಬೊಬ್ಬನಲ್ಲಿ ಬೆರೆತ ಹದಕ್ಕೆ ಅದು ಹೆಸರು. ಕನ್ನಡದಲ್ಲಿ ಅದು ಗತ್ತು, ಜಂಬ ಎಂಬ ಅರ್ಥಕ್ಕೆ ಇಳಿದಿದೆ. ಬಡಗಣ ಜಿಲ್ಲೆಗಳಲ್ಲಿ ದೇಹಸ್ಥಿತಿಯನ್ನು ವಿಚಾರಿಸುವಾಗ ‘ತಬಿಯತ್ತು’ ಎನ್ನುವುದುಂಟು. ಮೈಗೆ ನೆಟ್ಟಗಿಲ್ಲವೆಂಬುದಕ್ಕೆ ‘ಹುಷಾರಿಲ್ಲ’ ಎನ್ನದ ಮನೆಯೇ ಇಲ್ಲ. ಎಚ್ಚರವುಳ್ಳದ್ದೆಂಬ ಪಾರಸಿ ಮಾತು ದೇಹಾರೋಗ್ಯವನ್ನೂ ಮನಸ್ಸಿನ ಚುರುಕನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಬಲ್ಖಿ ಒಂದು ಗ್ರಂಥ ಬರೆದು ಜೋಡಿಸಿದ್ದನ್ನು ಜನರ ಬಾಯಿ ಒಂದು ಪದದಲ್ಲಿ ಜೋಡಿಸಿದೆ.

ಇನ್ನು ‘ಆತ್ಮ’. ವೇದಾಂತದ ಸಂಸ್ಕಾರವುಳ್ಳ ಕನ್ನಡ ಮನೆಗಳಲ್ಲಿ ಆತ್ಮವೆಂದರೆ ನಿತ್ಯಶುದ್ಧವಾದುದು, ನಿರ್ವಿಕಾರವಾದುದು. ಅದಕ್ಕೆ ಬೇನೆಯೆಂಬುದೇ ಇಲ್ಲ. ಹೀಗಿರಲು ‘ಆತ್ಮದ ರೋಗ’ ಎಂದು ಬರೆದರೆ ಓದುವವನಿಗೆ ಅದು ವಿರುದ್ಧೋಕ್ತಿಯಾಗಿ ತೋರುತ್ತದೆ. ಇಲ್ಲವೆ ಇನ್ನೂ ಕೆಟ್ಟದಾಗಿ, ರೋಗಿಗೆ ‘ಆತ್ಮಬಲ’ವಿಲ್ಲವೆಂಬ ನಿಂದೆಯಾಗಿ ಪರಿಣಮಿಸುತ್ತದೆ. ನ್ಯಾಯಶಾಸ್ತ್ರವನ್ನು ಓದಿದವರು ಇಲ್ಲಿ ಎದ್ದು, ಸುಖ ದುಃಖ ಇಚ್ಛಾ ದ್ವೇಷಗಳು ಆತ್ಮದ ಗುಣಗಳೇ ಅಲ್ಲವೇ ಎಂದು ಕೇಳಬಹುದು. ಸುಶ್ರುತನೂ ಆರೋಗ್ಯವಂತನ ಲಕ್ಷಣವನ್ನು ಹೇಳುವಾಗ ಇಂದ್ರಿಯ ಮನಸ್ಸುಗಳ ಜೊತೆಗೆ ಆತ್ಮದ ಪ್ರಸನ್ನತೆಯನ್ನು ಸೇರಿಸಿದ್ದಾನೆ. ಆಕ್ಷೇಪ ನ್ಯಾಯವಾದುದೇ. ನೈಯಾಯಿಕನ ಆತ್ಮಕ್ಕೂ ವೈದ್ಯನ ಆತ್ಮಕ್ಕೂ ನಫ್ಸ್ ಬಹುಮಟ್ಟಿಗೆ ಹೊಂದೀತು. ಆದರೆ ಭಾಷಾಂತರಕಾರ ಬರೆಯುವುದು ನೈಯಾಯಿಕರ ಗೋಷ್ಠಿಗಲ್ಲ. ಕನ್ನಡದ ಕಿವಿಗೆ ಆ ಪದ ಯಾವ ಧ್ವನಿಯನ್ನು ಕೊಡುತ್ತದೆಂಬುದೇ ಇಲ್ಲಿ ಪ್ರಮಾಣ. ಹಿಂದೆ ದಾರಾ ಶಿಕೋಹನು ೧೬೫೫ರಲ್ಲಿ ‘ಮಜ್ಮಾ ಉಲ್-ಬಹ್ರೈನ್’ ಗ್ರಂಥವನ್ನು ಬರೆದಾಗ, ‘ಸಮುದ್ರಸಂಗಮ’ವೆಂದು ಸಂಸ್ಕೃತದಲ್ಲಿಯೂ ಬೆಳಕು ಕಂಡ ಆ ಗ್ರಂಥದಲ್ಲಿ, ಆತ್ಮಶಬ್ದಕ್ಕೆ ಜೊತೆಯಾಗಿ ಅವನು ಹಿಡಿದದ್ದು ‘ರೂಹ್’ ಎಂಬುದನ್ನು. ಆ ರಾಜಕುಮಾರನ ಆಯ್ಕೆಯಲ್ಲಿ ವಿವೇಕವಿತ್ತು.

ಹಾಗಾದರೆ ‘ಮನಸ್ಸು’ ಎನ್ನಬಹುದೇ? ಅದು ಕಿರಿದಾಯಿತು. ಇಬ್ನ್ ಸೀನಾನ ಇನ್ನೊಂದು ವಾದ ಪ್ರಸಿದ್ಧವಾಗಿದೆ: ಒಬ್ಬ ಮನುಷ್ಯ ಪೂರ್ಣವಯಸ್ಕನಾಗಿಯೇ ಸೃಷ್ಟಿಯಾಗಿ, ಬಯಲಿನಲ್ಲಿ ತೇಲುತ್ತ, ಕಣ್ಣಿಗೆ ಏನೂ ಕಾಣದೆ, ಕೈಕಾಲುಗಳು ಒಂದನ್ನೊಂದು ಮುಟ್ಟದೆ ಇರುವನೆಂದು ಕಲ್ಪಿಸಿಕೊಂಡರೆ, ತನಗೆ ದೇಹವಿದೆಯೆಂದು ಅವನಿಗೆ ತಿಳಿಯದು; ಆದರೂ ತಾನು ಇದ್ದೇನೆಂಬುದನ್ನು ಅವನು ಅಲ್ಲಗಳೆಯಲಾರ. ತಾನಿಲ್ಲವೆಂದು ಯಾರೂ ತಿಳಿಯುವುದಿಲ್ಲವೆಂಬ ಶಂಕರರ ಯುಕ್ತಿಯನ್ನು ಬಲ್ಲವರಿಗೆ ಈ ತೇಲುವ ಪುರುಷ ನೆಂಟನಂತೆ ಕಾಣುವನು. ಹೀಗೆ ನಫ್ಸಿನ ಒಂದು ತುದಿ ‘ನಾನು’ ಎಂಬ ಅರಿವನ್ನೂ ಇನ್ನೊಂದು ತುದಿ ಜೀರ್ಣಶಕ್ತಿಯನ್ನೂ ಮುಟ್ಟುತ್ತದೆ. ‘ಅಂತಃಕರಣ’ ಎಂಬ ಶಬ್ದ ಶಾಸ್ತ್ರಕ್ಕೆ ಹತ್ತಿರ. ಆದರೆ ಕನ್ನಡದಲ್ಲಿ ಅದು ಕನಿಕರವೆಂಬ ಅರ್ಥದಲ್ಲಿ ನೆಲೆನಿಂತಿದೆ. ಉಳಿದದ್ದು ‘ಚಿತ್ತ’. ಸ್ವಸ್ಥಚಿತ್ತದಿಂದ ಬರೆದುಕೊಟ್ಟದ್ದೆಂದು ಉಯಿಲುಗಳಲ್ಲಿ ಬರುವುದನ್ನು ಎಲ್ಲರೂ ಓದಿದ್ದಾರೆ. ಚಿತ್ತಸ್ವಾಸ್ಥ್ಯ, ಚಿತ್ತಚಾಂಚಲ್ಯ ಎಂದರೆ ಯಾರಿಗೂ ವೇದಾಂತದ ಭ್ರಮೆ ಹುಟ್ಟುವುದಿಲ್ಲ, ನಿಂದೆಯೂ ಕೇಳಿಸುವುದಿಲ್ಲ. ವೈದ್ಯದ ಪ್ರಸಂಗದಲ್ಲಿ ನಫ್ಸಿಗೆ ‘ಚಿತ್ತ’ವೇ ಸಾಕಾದೀತು, ದರ್ಶನದ ಪ್ರಸಂಗದಲ್ಲಿ ‘ಜೀವ’ವೆಂದರೂ ನಡೆದೀತು.

ಇದು ಬರಿಯ ಶಬ್ದದ ಜಗಳವೆಂದು ತಳ್ಳಿಹಾಕುವವರು ಘಜಾಲಿಯ ವೃತ್ತಾಂತವನ್ನು ಓದಬೇಕು. ಅಬೂ ಹಾಮಿದ್ ಅಲ್-ಘಜಾಲಿ (೧೦೫೮–೧೧೧೧) ಬಾಗ್ದಾದಿನ ನಿಜಾಮಿಯಾ ವಿದ್ಯಾಪೀಠದ ಮುಖ್ಯ ಅಧ್ಯಾಪಕ. ನಾಲ್ಕು ದಿಕ್ಕಿನಿಂದ ಶಿಷ್ಯರು ಬಂದು ನೆರೆಯುತ್ತಿದ್ದ ಕೀರ್ತಿಶಾಲಿ. ೧೦೯೫ರಲ್ಲಿ ಒಂದು ದಿನ ಪಾಠಕ್ಕೆ ಕುಳಿತವನ ನಾಲಗೆ ಏಳದಾಯಿತು. ಮಾತು ಹೊರಡದು, ಅನ್ನ ಇಳಿಯದು, ಇಳಿದದ್ದು ಅರಗದು. ವೈದ್ಯರು ನೋಡಿ, ಇದು ಹೃದಯದಲ್ಲಿ ಹುಟ್ಟಿ ಮಿಜಾಜಿಗೆ ಹರಿದ ಬೇನೆ, ಒಳಗಿನ ತಳಮಳ ಅಡಗದೆ ಮದ್ದಿಗೆ ದಾರಿಯಿಲ್ಲವೆಂದು ಕೈಚೆಲ್ಲಿದರು. ಕಡೆಗೆ ಪದವಿಯನ್ನೂ ಸಂಪತ್ತನ್ನೂ ತೊರೆದು ಅವನು ಊರು ಬಿಟ್ಟ. ಇದೆಲ್ಲವನ್ನೂ ಆತನೇ ಆತ್ಮವೃತ್ತದಲ್ಲಿ ಬರೆದಿದ್ದಾನೆ. ಕೀರ್ತಿಯ ಆಸೆಗೂ ಸತ್ಯದ ಆಸೆಗೂ ನಡುವೆ ಆರು ತಿಂಗಳು ಜಗ್ಗಾಡಿದ ಮನುಷ್ಯನ ಆ ವಿವರಣೆ ಎಷ್ಟು ನಿಷ್ಠುರವಾಗಿದೆಯೋ ಅಷ್ಟು ಕರುಣಾಜನಕವಾಗಿಯೂ ಇದೆ. ಒಂಬೈನೂರು ವರ್ಷಗಳ ಈಚೆಗೆ ಕುಳಿತು ಅವನಿಗೆ ಇಂಥದೇ ರೋಗವೆಂದು ಚೀಟಿ ಬರೆದುಕೊಡುವವರಿದ್ದಾರೆ. ನಾಡಿ ಹಿಡಿಯದ ವೈದ್ಯ ಅದು.

ಅದೇ ಘಜಾಲಿಯ ಮಹಾಗ್ರಂಥದಲ್ಲಿ ನಫ್ಸಿನ ವಿಚಾರ ಬೇರೊಂದು ಮುಖವನ್ನು ತಾಳುತ್ತದೆ. ಕುರಾನಿನಲ್ಲಿ ನಫ್ಸಿಗೆ ಮೂರು ವಿಶೇಷಣಗಳು ಬರುತ್ತವೆ: ಕೆಟ್ಟುದಕ್ಕೆ ಪ್ರೇರಿಸುವುದು, ತನ್ನನ್ನು ತಾನೇ ನಿಂದಿಸಿಕೊಳ್ಳುವುದು, ನೆಮ್ಮದಿಗೊಂಡುದು. ಸಾಧಕನು ಮೊದಲನೆಯದರಿಂದ ಮೂರನೆಯದಕ್ಕೆ ಏರಬೇಕು. ಅದಕ್ಕೆ ನಿಗ್ರಹ, ಆತ್ಮಪರೀಕ್ಷೆ, ಉಪವಾಸ ಮೊದಲಾದ ಸಾಧನೆಗಳು. ಇದು ಸ್ವಸ್ಥನಾದವನು ಮಹಾತ್ಮನಾಗುವ ಹಾದಿ. ಈ ಹಾದಿಯನ್ನೇ ಅಸ್ವಸ್ಥನಿಗೆ ತೋರಿಸಿದರೆ ಆಗುವ ಅನರ್ಥವನ್ನು ಹೇಳಬೇಕಾಗಿಲ್ಲ. ಬಲ್ಖಿ ಹೇಳಿದ ಕಾರಣವಿಲ್ಲದ ದುಃಖಕ್ಕೆ ಸಿಕ್ಕಿದವನು ಮೊದಲೇ ಹಗಲಿರುಳೂ ತನ್ನನ್ನು ನಿಂದಿಸಿಕೊಳ್ಳುತ್ತಿರುತ್ತಾನೆ. ಅವನಿಗೆ ಇನ್ನಷ್ಟು ಆತ್ಮನಿಂದೆಯನ್ನು ಉಪದೇಶಿಸುವುದು, ಹಸಿದವನಿಗೆ ಏಕಾದಶಿಯನ್ನು ವಿಧಿಸಿದಂತೆ. ಈಚೆಗೆ ನಫ್ಸಿನ ಶಾಸ್ತ್ರವನ್ನೂ ಮನೋವೈದ್ಯವನ್ನೂ ಒಟ್ಟಿಗೆ ಕಟ್ಟಿ ಬರೆಯುವವರಲ್ಲಿ ಹಲವರು ಈ ಎರಡು ಹಾದಿಗಳನ್ನು ಬೇರ್ಪಡಿಸುವುದಿಲ್ಲ. ಭಗವದ್ಗೀತೆಯನ್ನು ಮನೋವೈದ್ಯವೆಂದು ಮಾರುವವರೂ ಅದೇ ತಪ್ಪನ್ನು ಮಾಡುತ್ತಾರೆ. ಸ್ವಸ್ಥರಿಗೆ ಘಜಾಲಿ, ಅಸ್ವಸ್ಥರಿಗೆ ಬಲ್ಖಿ. ಒರಟಾದ ವಿಭಾಗವೇ ಆದರೂ ಉಪಯೋಗಕ್ಕೆ ಬರುತ್ತದೆ.

ರೋಗಿಯನ್ನು ಜರೆಯದ ವೈದ್ಯನ ಚಿತ್ರ ಪಾರಸಿಯ ‘ಚಹಾರ್ ಮಕಾಲಾ’ ಎಂಬ ಹನ್ನೆರಡನೆಯ ಶತಮಾನದ ಗ್ರಂಥದಲ್ಲಿದೆ. ರಾಜವಂಶದವನೊಬ್ಬನಿಗೆ ತಾನು ಹಸುವೆಂಬ ಭ್ರಮೆ ಹಿಡಿದು, ತನ್ನನ್ನು ಕೊಂದು ಅಡುಗೆ ಮಾಡಿರೆಂದು ಕೂಗುತ್ತ ಅನ್ನ ನೀರು ಬಿಟ್ಟ. ಇಬ್ನ್ ಸೀನಾ ಕಟುಕನ ವೇಷದಲ್ಲಿ ಕತ್ತಿ ಹಿಡಿದು ಬಂದು, ಅವನನ್ನು ಕೆಡವಿ ಪಕ್ಕೆಲುಬುಗಳನ್ನು ತಡವಿ ನೋಡಿ, ಈ ಹಸು ಬಡಕಲು, ಮೇಯಿಸಿ ಕೊಬ್ಬಿಸಿದ ಮೇಲೆ ಬರುತ್ತೇನೆಂದು ಎದ್ದ. ರೋಗಿ ಕೊಬ್ಬುವ ಆಸೆಯಿಂದ ಉಣ್ಣತೊಡಗಿದ. ಅನ್ನದೊಡನೆ ಮದ್ದೂ ಹೊಟ್ಟೆಗೆ ಹೋಯಿತು. ಕ್ರಮೇಣ ಹಸುತನವೂ ಬಿಟ್ಟಿತು. ಕಥೆ ನಡೆದದ್ದೋ ಕಟ್ಟಿದ್ದೋ ಬೇರೆಯ ಮಾತು. ‘ನೀನು ಹಸುವಲ್ಲ’ ಎಂದು ವಾದಿಸದೆ ರೋಗಿಯ ಲೋಕದ ಬಾಗಿಲಿನಿಂದಲೇ ಒಳಹೊಕ್ಕ ಜಾಣ್ಮೆ ಅದರ ಜೀವ. ಚರಕನ ಉನ್ಮಾದಚಿಕಿತ್ಸೆಯಲ್ಲಿ ಸಾಂತ್ವನವಿರುವಂತೆ ಬೆದರಿಸುವ ಉಪಾಯಗಳೂ ಇವೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ತನ್ನ ಕರ್ಮದಿಂದ ತಾನೇ ಕ್ಲೇಶಗೊಳ್ಳದವನನ್ನು ದೇವ ಗಂಧರ್ವ ಪಿಶಾಚಾದಿಗಳು ಬಾಧಿಸುವುದಿಲ್ಲವೆಂದು ಅವನು ಹೇಳಿದ್ದು ‘ಗಾಳಿ ಸೋಕಿದೆ’, ‘ಗರ ಬಡಿದಿದೆ’ ಎನ್ನುವವರಿಗೆ ತಕ್ಕ ಉತ್ತರ. ಕರ್ಮದ ಮಾತು ಮತ್ತೆ ರೋಗಿಯ ಮೇಲೆಯೇ ಹೊರೆ ಹೊರಿಸುತ್ತದೆಯೆಂಬ ತೊಡಕು ಅಲ್ಲಿಯೂ ಉಳಿಯಿತು.

ಈ ದರ್ಶನ ಕನ್ನಡನಾಡಿಗೆ ಪುಸ್ತಕವಾಗಿ ಬಂದದ್ದು ಕಡಿಮೆ, ಬಾಳಾಗಿ ಬಂದದ್ದು ಹೆಚ್ಚು. ಸುಮಾರು ೧೪೦೦ರಲ್ಲಿ ಗುಲ್ಬರ್ಗಕ್ಕೆ ಬಂದು ೧೪೨೨ರಲ್ಲಿ ಅಲ್ಲಿಯೇ ಕಾಲವಾದ ಖ್ವಾಜಾ ಬಂದೇ ನವಾಜರು ಸೂಫಿ ಶಾಸ್ತ್ರಗ್ರಂಥಗಳಿಗೆ ವ್ಯಾಖ್ಯಾನ ಬರೆದವರು. ಬಿಜಾಪುರದ ಸೂಫಿಗಳ ಪರಂಪರೆಯಲ್ಲಿ ‘ಚಕ್ಕಿನಾಮಾ’ ಎಂಬ ದಖನಿ ಹಾಡುಗಳು ಹುಟ್ಟಿ, ರಾಗಿ ಜೋಳ ಬೀಸುವ ಹೆಂಗಸರ ಬಾಯಲ್ಲಿ ದೈವಸ್ಮರಣೆಯನ್ನು ಇಟ್ಟುವು. ಕನ್ನಡದ ಬೀಸುವ ಪದಗಳ ಮಗ್ಗುಲಲ್ಲಿಯೇ ಅವು ಬೆಳೆದುವು. ಶಿಶುನಾಳ ಷರೀಫರು (೧೮೧೯–೧೮೮೯) ಗೋವಿಂದಭಟ್ಟರ ಶಿಷ್ಯರಾಗಿ ಹಾಡಿದ ಪದಗಳಲ್ಲಿ ಜೀವ ದೇಹಗಳ ವಿಚಾರ ಎರಡು ಕಡೆಯ ಮಾತನ್ನೂ ಒಂದು ಹದಕ್ಕೆ ತಂದಿದೆ. ಗೋಣಿಬೀಡಿನ ಸುತ್ತಿನ ಬೆಟ್ಟಗಳಿಗಂತೂ ಈ ಪರಂಪರೆಯ ಒಂದು ಕಾಣಿಕೆ ಪ್ರತಿ ಬೆಳಿಗ್ಗೆಯೂ ಲೋಟದಲ್ಲಿದೆ. ಯೆಮನ್ ದೇಶದ ಸೂಫಿಗಳು ರಾತ್ರಿಯ ಜಪದಲ್ಲಿ ನಿದ್ದೆ ಬಾರದಿರಲೆಂದು ಕಾಫಿಯನ್ನು ಕುಡಿಯುತ್ತಿದ್ದರು. ಅದು ಮತ್ತು ತರುವುದೇ ಇಲ್ಲವೇ ಎಂದು ೧೫೧೧ರಲ್ಲಿ ಮಕ್ಕಾದಲ್ಲಿ ವಿಚಾರಣೆಯೇ ನಡೆದು ನಿಷೇಧವಾಯಿತು. ಅಲ್ಲಿಂದ ಏಳು ಬೀಜಗಳು ಬಾಬಾಬುಡನರ ಮೂಲಕ ಚಂದ್ರದ್ರೋಣ ಪರ್ವತಕ್ಕೆ ಬಂದುವೆಂಬ ಐತಿಹ್ಯವನ್ನು ಈ ಸೀಮೆಯ ಮಕ್ಕಳೂ ಬಲ್ಲರು. ನಫ್ಸನ್ನು ಎಚ್ಚರವಾಗಿಡಲು ಹುಟ್ಟಿದ ಪಾನೀಯ ಈಗ ಬೆಲೆಯ ಏರಿಳಿತದಿಂದ ಬೆಳೆಗಾರನ ನಿದ್ದೆಯನ್ನು ಬೇರೊಂದು ಬಗೆಯಲ್ಲಿ ಕೆಡಿಸುತ್ತಿದೆ.

ಬೇನೆಯವರನ್ನು ದರ್ಗಾಕ್ಕೂ ದೇವಸ್ಥಾನಕ್ಕೂ ಕರೆದೊಯ್ಯುವುದನ್ನು ಕಂಡು ನಗುವುದು ಸುಲಭ. ಅಲ್ಲಿ ದೊರೆಯುವ ಕೂಟ, ಪ್ರಯಾಣ, ಹಿರಿಯರ ಕೈಯ ಸ್ಪರ್ಶ ಇವೆಲ್ಲ ಬಲ್ಖಿಯ ಪಥ್ಯಕ್ಕೆ ದೂರವಲ್ಲ. ಆದರೆ ೨೦೦೧ರ ಆಗಸ್ಟ್ ೬ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ನೆರಳಿನಲ್ಲಿ ಖಾಸಗಿಯವರು ನಡೆಸುತ್ತಿದ್ದ ಕೊಟ್ಟಿಗೆಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ೨೮ ಮಂದಿ ರೋಗಿಗಳು ಓಡಲಾರದೆ ಸುಟ್ಟುಹೋದರು. ಅವರಲ್ಲಿ ಯಾರನ್ನೂ ಶತ್ರುಗಳು ತಂದು ಕಟ್ಟಿರಲಿಲ್ಲ, ಬಂಧುಗಳೇ ಬಿಟ್ಟುಹೋಗಿದ್ದರು. ೨೦೧೮ರ ಮೇ ತಿಂಗಳಿಂದ ಜಾರಿಯಲ್ಲಿರುವ ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ಯಾವ ರೂಪದಲ್ಲಿಯೂ ಸರಪಳಿ ಹಾಕಕೂಡದೆಂದು ವಿಧಿಸಿದೆ. ಕಾಯಿದೆ ಬಿಚ್ಚಬಲ್ಲುದು ಕಬ್ಬಿಣದ ಸರಪಳಿಯನ್ನು. ಹಿತ್ತಿಲ ಕೋಣೆಯ ಅಗಳಿ ಅದರ ಕಣ್ಣಿಗೆ ಬೀಳಬೇಕಾದರೆ ಮನೆಯವರು ಬಾಯಿ ಬಿಡಬೇಕು.

ಬಾಯಿ ಬಿಡಲು ಮಾತು ಬೇಕು. ಬೆಂಗಳೂರಿನ ಆಸ್ಪತ್ರೆಯ ಹೆಸರಿನ ಚರಿತ್ರೆಯೇ ಇದಕ್ಕೆ ದೃಷ್ಟಾಂತ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಹುಚ್ಚರ ಆಶ್ರಯವೆಂಬ ಅರ್ಥದ ಇಂಗ್ಲಿಷ್ ಹೆಸರಿನಿಂದ ನಡೆಯುತ್ತಿತ್ತು. ೧೯೨೫ರಲ್ಲಿ ಮೈಸೂರು ಸರ್ಕಾರ ಅದನ್ನು ಮಾನಸಿಕ ಆಸ್ಪತ್ರೆಯೆಂದು ಕರೆಯಿತು. ೧೯೫೪ರಲ್ಲಿ ಅದರ ಜೊತೆಗೆ ಅಖಿಲ ಭಾರತ ಶಿಕ್ಷಣಸಂಸ್ಥೆ ಹುಟ್ಟಿ, ೧೯೭೪ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಹೆಸರು ಹೀಗೆ ಬದಲಾದರೂ ಬಹುಕಾಲ ಜನರ ಬಾಯಲ್ಲಿ ‘ಹುಚ್ಚಾಸ್ಪತ್ರೆ’ಯೇ ಉಳಿಯಿತು. ೧೯೮೫ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಆ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತು ಕೊಟ್ಟು ಊರೂರಿನಲ್ಲಿ ಚಿಕಿತ್ಸೆ ದೊರೆಯುವಂತೆ ಮಾಡಿದ ಪ್ರಯೋಗವೇ ೧೯೯೬ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ೨೦೧೫-೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ಅದೇ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ ೧೦.೬ ಮಂದಿಗೆ ಒಂದಿಲ್ಲೊಂದು ಮಾನಸಿಕ ಬೇನೆಯಿತ್ತು. ಅವರಲ್ಲಿ ಬಹುಪಾಲಿನವರು ಚಿಕಿತ್ಸೆಯ ಹತ್ತಿರವೇ ಸುಳಿದಿರಲಿಲ್ಲ. ೨೦೨೨ರ ಅಕ್ಟೋಬರಿನಿಂದ ೧೪೪೧೬ ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ. ಬೆಂಗಳೂರು ಇನ್ನೂರು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿರುವ ಮೂಡಿಗೆರೆಯ ಕಡೆಯವರಿಗೆ ಇದು ಅಲ್ಪವಲ್ಲ. ಆದರೆ ಸಂಖ್ಯೆಯನ್ನು ಒತ್ತಿದ ಮೇಲೆ ಏನೆಂದು ಹೇಳುವುದು? ‘ತಲೆ ಕೆಟ್ಟಿದೆ’ ಎಂದೇ? ‘ಮಂಕು ಬಡಿದಿದೆ’ ಎಂದೇ? ‘ಕಾರಣವಿಲ್ಲದ ದುಃಖ’ ಎಂಬ ಬಲ್ಖಿಯ ಮೂರು ಮಾತು ಕನ್ನಡದಲ್ಲಿ ನಾಲಗೆಗೆ ಹತ್ತಿದರೆ, ಸೊಸೆಯ ಮಾತನ್ನು ಅತ್ತೆಯೂ ಮಗನ ಮಾತನ್ನು ತಂದೆಯೂ ಜರೆಯದೆ ಕೇಳುವ ಸಂಭವವುಂಟು.

ಆದಕಾರಣ ಬಲ್ಖಿಯನ್ನು ಕನ್ನಡಕ್ಕೆ ತರುವವರು ಗ್ರಂಥವನ್ನೆಲ್ಲ ಒಮ್ಮೆಗೇ ತರುವ ಹಟವನ್ನು ಬಿಟ್ಟು, ದುಃಖವನ್ನು ಕುರಿತ ಏಳನೆಯ ಅಧ್ಯಾಯವನ್ನು ಮೊದಲು ತರುವುದು ಒಳ್ಳೆಯದು. ಇಂಗ್ಲಿಷಿನಿಂದಲ್ಲದೆ ಅರಬ್ಬೀ ಮೂಲದಿಂದಲೇ ತರಬೇಕು. ‘ಆತ್ಮ’ವನ್ನು ದೂರವಿಟ್ಟು, ಮಿಜಾಜು ಖಯಾಲಿಗಳನ್ನು ನಾಚದೆ ಬಳಸಿ, ರಕ್ತವಿಕಾರದ ಮಾತು ಬಂದೆಡೆಯಲ್ಲಿ ಇಂದಿನ ವೈದ್ಯರ ಅಭಿಪ್ರಾಯವನ್ನು ಅಡಿಯಲ್ಲಿ ಕೊಡಬೇಕು. ಇಬ್ನ್ ಸೀನಾನ ಪರಿಭಾಷೆಯನ್ನು ದಿನವೂ ಪಾಠ ಹೇಳುವ ರಾಷ್ಟ್ರೀಯ ಯುನಾನಿ ವೈದ್ಯಸಂಸ್ಥೆಯೂ ನಿಮ್ಹಾನ್ಸೂ ಇರುವುದು ಒಂದೇ ಬೆಂಗಳೂರಿನಲ್ಲಿ. ಅಲ್ಲಿಂದ ಒಬ್ಬ ಹಕೀಮರೂ ಇಲ್ಲಿಂದ ಒಬ್ಬ ಮನೋವೈದ್ಯರೂ ಕನ್ನಡ ಬಲ್ಲ ಒಬ್ಬ ಅರಬ್ಬೀ ಪಂಡಿತರೊಡನೆ ಒಂದು ಬೇಸಗೆ ಕುಳಿತರೆ ಆ ಅಧ್ಯಾಯದ ಕೆಲಸ ಮುಗಿಯುತ್ತದೆ.